ತೆಗೆದಿಡದ ಗೊಂಬೆಗಳು

ಬಣ್ಣದ ಕಾಗದ ತನ್ನಿ ಎಂದು ಮಕ್ಕಳಿಗೆ ಹೇಳಿ ಕಳಿಸಿದರೆ ಮಾರನೇ ದಿನ ಎಲ್ಲವೂ ಲಗ್ನಪತ್ರಿಕೆ ಹಿಡಿದುಕೊಂಡು ಬಂದವು. ತಪ್ಪು ನನ್ನದೇ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯ ಆ ಹಳ್ಳಿಯಲ್ಲಿ ಬಣ್ಣದ ಕಾಗದ ಅಂತ ಬೇರೆ ಏನಿರುತ್ತದೆ? ಗೋಡೆಯ ಮೊಳೆಗೆ ನೇತುಹಾಕಿದ ತಂತಿಗೆ ಕರೆಂಟು ಬಿಲ್ಲಿನ ಜೊತೆ ಚುಚ್ಚಿಟ್ಟ ಲಗ್ನಪತ್ರಿಕೆಗಳೇ ಅವರ ಮನೆಯ ಬಣ್ಣ. ಗುಲಾಬಿ, ಹಳದಿ, ಚಿನ್ನದ ಅಂಚಿನವು, ಮೂಲೆಯಲ್ಲಿ ಅರಿಶಿನ ಒಣಗಿದ್ದವು. ಒಂದು ಹುಡುಗ ಇನ್ನೂ ಮದುವೆಯೇ ಆಗದ ಚಿಕ್ಕಪ್ಪನ ಪತ್ರಿಕೆ ತಂದುಬಿಟ್ಟಿದ್ದ. ಅದನ್ನು ಹಂಚುವುದು ಬಾಕಿ ಇತ್ತು. ಅವನ ಅಜ್ಜಿ ಹಿಂದೆಯೇ ಓಡಿಬಂದು ಕಿತ್ತುಕೊಂಡು ಹೋದರು.

ನನಗಾಗ ಇಪ್ಪತ್ತೊಂದು ವರ್ಷ. ಪಿಯುಸಿ ಮುಗಿಸಿ ನರ್ಸರಿ ಟ್ರೈನಿಂಗ್ ಮಾಡಿಕೊಂಡಿದ್ದೆ. ಆ ಊರಿನ ಮಹಿಳಾ ಸಮಾಜದವರು ನಡೆಸುತ್ತಿದ್ದ ಶಿಶುವಿಹಾರಕ್ಕೆ ನಾನೇ ಟೀಚರು. ಬೆಳಗೊಳದ ನಮ್ಮ ಮನೆಯಿಂದ ಶ್ರೀರಂಗಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಪಾಂಡವಪುರಕ್ಕೆ ಇನ್ನೊಂದು, ಮತ್ತೆ ಮೂರನೆಯದು, ಅಲ್ಲಿಂದ ನಾಲೆ ಏರಿಯ ಮೇಲೆ ನಡಿಗೆ. ಒಂದೇ ಒಂದು ಹೆಂಚಿನ ಕೋಣೆ, ಇಪ್ಪತ್ತೈದು ಮಕ್ಕಳು, ಉಪ್ಪಿಟ್ಟು ಮಾಡಿಕೊಟ್ಟು ಮೂಗು ಒರೆಸುವುದಕ್ಕೆ ಆಯಮ್ಮ ಒಬ್ಬಳು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಒಳಗಿಂದ ಬರುತ್ತಿದ್ದ ಸ್ಲೇಟು, ಒದ್ದೆ ಚಡ್ಡಿ, ರವೆ ಹುರಿದ ವಾಸನೆಯನ್ನು ನಾನು ಈಗಲೂ ಕೆಲವೊಮ್ಮೆ ಕಾರಣವಿಲ್ಲದೆ ಹುಡುಕುತ್ತೇನೆ. ಅಷ್ಟು ಸಂತೋಷವಾಗಿ ನಾನು ಮತ್ತೆ ಯಾವ ಬಾಗಿಲನ್ನೂ ತೆಗೆದಿಲ್ಲ. ಈ ಮಾತನ್ನು ನನ್ನ ಯಜಮಾನರು ಓದಿದರೆ ಬೇಜಾರು ಮಾಡಿಕೊಳ್ಳಬಾರದು.

ಲಗ್ನಪತ್ರಿಕೆಗಳನ್ನು ತರಿಸಿದ್ದು ಜಪಾನಿನವರೊಬ್ಬರಿಗಾಗಿ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಹಳದಿ ಗೂಡು ಬಿಡಿಸಿ ಬಿಳಿ ಗೂಡು ಬೆಳೆಸುವ ಪಾಠ ನಡೆಯುತ್ತಿತ್ತು. ಅದನ್ನು ಹೇಳಿಕೊಡಲು ಮೈಸೂರಿನಲ್ಲಿ ಮನೆ ಮಾಡಿಕೊಂಡಿದ್ದ ಜಪಾನಿನ ಒಬ್ಬರು ವಾರಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಅವರ ಹೆಂಡತಿಯೂ ಜೊತೆಗಿರುತ್ತಿದ್ದರು. ಗಂಡ ಹುಳುಮನೆಗಳಿಗೆ ನುಗ್ಗಿದರೆ ಎರಡು ಮೂರು ಗಂಟೆ ಹೊರಗೆ ಬರುವವರಲ್ಲ. ಈಕೆ ಜೀಪಿನಲ್ಲಿ ಕೂತು ಕೂತು ಸಾಕಾಗಿ ಒಂದು ದಿನ ನಮ್ಮ ಬಾಗಿಲಲ್ಲಿ ಬಂದು ನಿಂತರು. ಚಪ್ಪಲಿಯನ್ನು ತುದಿ ಹೊರಗೆ ಮಾಡಿ ಜೋಡಿಸಿಟ್ಟರು. ಇಪ್ಪತ್ತೈದು ಮಕ್ಕಳು ಉಸಿರು ಬಿಗಿಹಿಡಿದು ಅದನ್ನು ನೋಡಿದವು. ಮಾರನೇ ದಿನ ನಮ್ಮ ಬಾಗಿಲಲ್ಲಿ ಎಲ್ಲ ಪುಟ್ಟ ಚಪ್ಪಲಿಗಳೂ ತುದಿ ಹೊರಗೆ ಮಾಡಿ ಸಾಲಾಗಿ ನಿಂತಿದ್ದವು. ಆರು ತಿಂಗಳಿಂದ ನಾನು ಬಾಯಿ ನೋಯುವಷ್ಟು ಹೇಳಿದ್ದರೂ ಆಗದ ಕೆಲಸ ಅದು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಊರಿನವರು ಅವರನ್ನು ಜಪಾನಮ್ಮ ಎಂದರು. ಅವರ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಕುಂಟು. ಅರ್ಧ ಮಾತು, ಅರ್ಧ ಕೈಸನ್ನೆ, ಮಿಕ್ಕಿದ್ದಕ್ಕೆ ಬೋರ್ಡಿನ ಮೇಲೆ ಚಿತ್ರ. ಅವರ ಊರಿನಲ್ಲಿ ಪ್ರತಿ ಋತುವಿಗೂ ಮಕ್ಕಳಿಗೊಂದು ಹಬ್ಬವಿತ್ತಂತೆ. ಅವನ್ನೆಲ್ಲ ಇಲ್ಲಿ ಹೇಳಿಕೊಡಲೇ ಎಂದು ಕೇಳಿದರು. ನನಗೇನು, ಎರಡು ಗಂಟೆ ಮಕ್ಕಳು ಅಳದೆ ಇದ್ದರೆ ಸಾಕಿತ್ತು. ಹೇಳಿಕೊಡಿ ಎಂದೆ.

ಮೊದಲು ಮಾಡಿದ್ದು ಚಂದ್ರನ ಹಬ್ಬ. ಗಣೇಶನನ್ನು ಬಿಟ್ಟು ಒಂದು ವಾರವೂ ಆಗಿರಲಿಲ್ಲ. ಅಕ್ಕಿಹಿಟ್ಟಿನ ಉಂಡೆ ಕಟ್ಟಿಸಿ, ನಾಲೆ ಏರಿಯ ಮೇಲೆ ಬೆಳೆಯುವ ಬಿಳಿ ಗರಿಯ ಹುಲ್ಲನ್ನು ಚೊಂಬಿನಲ್ಲಿ ನಿಲ್ಲಿಸಿ, ಹುಣ್ಣಿಮೆ ಸಂಜೆ ಎಲ್ಲರೂ ಚಂದ್ರನನ್ನು ನೋಡಬೇಕು ಎಂದರು. ಮಕ್ಕಳು ಬೆಚ್ಚಿಬಿದ್ದವು. ಚೌತಿ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆ ಎಂದು ಮನೆಮನೆಯಲ್ಲೂ ಹೆದರಿಸಿದ್ದರಲ್ಲ! ಚೌತಿ ಕಳೆಯಿತು, ಇದು ಹುಣ್ಣಿಮೆ ಚಂದ್ರ, ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಒಂದು ಹುಡುಗಿ ಮಾತ್ರ ನಂಬಲಿಲ್ಲ. ಮರುದಿನ ಬಂದು, "ನಾನು ಸ್ಲೇಟು ಅಡ್ಡ ಇಟ್ಕಂಡ್ ನೋಡ್ದೆ ಟೀಚರ್" ಎಂದಳು. ಸ್ಲೇಟು ಅಡ್ಡ ಇದ್ದರೆ ಏನು ಕಾಣಿಸಿತೇ ಎಂದರೆ, "ಸ್ಲೇಟು" ಎಂದಳು.

ಫೆಬ್ರವರಿ ಮೊದಲ ವಾರದಲ್ಲಿ ಕಾಳು ಎಸೆಯುವ ಹಬ್ಬ. ಚಳಿಗಾಲ ಮುಗಿಯುವ ದಿನ ಹುರಿದ ಕಾಳು ಎಸೆದು ಪೀಡೆಯನ್ನು ಮನೆಯಿಂದಾಚೆ ಓಡಿಸುವುದು ಅವರ ಪದ್ಧತಿ. ನಮ್ಮಲ್ಲಿ ಅವರೆಕಾಳಿನ ಕಾಲ. ಆಯಮ್ಮ ಅವರೆಕಾಳು ಹುರಿದು, ತಾನೇ ಮುಖಕ್ಕೆ ಹಳೆಯ ಮೊರ ಅಡ್ಡ ಹಿಡಿದು, "ನಾನೇ ಪೀಡೆ, ಬನ್ರೋ, ಒಡೀರ್ಲಾ" ಎಂದು ಕುಣಿದಳು. ಮಕ್ಕಳು ಹೊಡೆಯಬೇಕಲ್ಲ! ಕಾಳನ್ನು ಕಾಲಲ್ಲಿ ತುಳಿಯಬಾರದು ಎಂದು ಕಲಿತ ಒಕ್ಕಲು ಮಕ್ಕಳು. ಒಂದೊಂದೇ ಕಾಳನ್ನು ಮೆಲ್ಲಗೆ ಮೊರಕ್ಕೆ ತಾಗಿಸಿ, ಅದು ನೆಲಕ್ಕೆ ಬಿದ್ದ ಕೂಡಲೇ ಓಡಿಹೋಗಿ ಹೆಕ್ಕಿ, ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದವು. ಪೀಡೆ ಅಲ್ಲಾಡದೆ ನಿಂತಿತ್ತು. ಜಪಾನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಯಾಕೋ ಕಣ್ಣು ಒರೆಸಿಕೊಂಡು, ಕೆಳಗೆ ಕೂತು ತಾವೂ ಕಾಳು ಹೆಕ್ಕತೊಡಗಿದರು.

ಕೊನೆಗೆ ವಯಸ್ಸಿನಷ್ಟು ಕಾಳು ತಿನ್ನಬೇಕಂತೆ. ನಮ್ಮ ಮಕ್ಕಳ ವಯಸ್ಸು ಯಾರಿಗೆ ಗೊತ್ತು? ತಾಯಂದಿರನ್ನು ಕೇಳಿದರೆ ನಾಲೆ ಒಡೆದ ವರ್ಷ, ದೊಡ್ಡ ಹಸ ಸತ್ತ ವರ್ಷ ಎನ್ನುತ್ತಿದ್ದರು. ರಿಜಿಸ್ಟರಿನಲ್ಲಿದ್ದ ವಯಸ್ಸೆಲ್ಲ ನಾನು ಅವರವರ ಎತ್ತರ ನೋಡಿ ಬರೆದದ್ದು. ಆ ದಿನ ಮಾತ್ರ ಪ್ರತಿಯೊಂದು ಮಗುವೂ ತನಗೆ ಇಪ್ಪತ್ತು ವರ್ಷ ಎಂದಿತು.

ಮೂರನೆಯದು ಗೊಂಬೆ ಹಬ್ಬ, ಮಾರ್ಚ್ ಮೂರನೇ ತಾರೀಕು. ಹೆಣ್ಣುಮಕ್ಕಳು ಸುಖವಾಗಿರಲಿ ಎಂದು ರಾಜ ರಾಣಿಯ ಗೊಂಬೆ ಕೂರಿಸುವ ದಿನ. ದಸರೆಯಲ್ಲಿ ಗೊಂಬೆ ಕೂರಿಸುವುದು ಶ್ರೀರಂಗಪಟ್ಟಣದ, ಮೈಸೂರಿನ ಪೇಟೆ ಮನೆಗಳ ಕೆಲಸ. ನಮ್ಮ ಒಕ್ಕಲು ಮನೆಗಳಲ್ಲಿ ಅದೆಲ್ಲ ಇರಲಿಲ್ಲ. ಹಾಗಾಗಿ ನನಗೇ ಮಕ್ಕಳಿಗಿಂತ ಹೆಚ್ಚು ಆಸೆ. ಚಿಟ್ಟೆ ಹೊರಬಂದು ತೂತಾಗಿ, ಮಾರಾಟಕ್ಕೆ ಬಾರದ ಬಿಳಿ ಗೂಡುಗಳನ್ನು ಜಪಾನಮ್ಮ ಗಂಡನ ಹತ್ತಿರ ಕೇಳಿ ತಂದಿದ್ದರು. ಅವೇ ಗೊಂಬೆಗಳ ತಲೆ. ತೂತಿರುವ ಕಡೆ ಕಪ್ಪು ದಾರದ ಕೂದಲು. ಮೈಗೆ ಲಗ್ನಪತ್ರಿಕೆ. ರಾಣಿಗೆ ಒಂದರ ಮೇಲೊಂದು ಹನ್ನೆರಡು ಪದರ ಉಡುಗೆಯಂತೆ. ಹನ್ನೆರಡು ಮನೆಯ ಮದುವೆಗಳನ್ನು ಮಡಿಸಿ ಮಡಿಸಿ ಆ ರಾಣಿಗೆ ಉಡಿಸಿದೆವು. ಹತ್ತಿರದಿಂದ ನೋಡಿದರೆ ತೋಳಿನ ಮೇಲೆ 'ಆಗಮನಾಭಿಲಾಷಿಗಳು' ಎಂದು ಓದಬಹುದಿತ್ತು. ಹಿಂದೆ ನಿಲ್ಲಿಸಲು ಚಿನ್ನದ ಪರದೆ ಬೇಕೆಂದರು. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಮುರಿದದ್ದೊಂದು, ಸಿಕ್ಕಿತು. ಕೆಳಗೆ ಹಾಸಲು ಕೆಂಪು ಬಟ್ಟೆ ಬೇಕೆಂದರು. ಅದು ಮಾತ್ರ ಎಲ್ಲೂ ಸಿಗಲಿಲ್ಲ. ಆಯಮ್ಮ ಮನೆಗೆ ಹೋಗಿ ಹೊಸ ಕೆಂಪು ರವಿಕೆ ಕಣ ತಂದಳು.

"ಮಗಳ ಮದ್ವೆಗೆ ಅಂತ ಪೆಟ್ಗೇಲಿ ಮಡಗಿದ್ದೆ. ಎರಡ್ ದಿನ ಆಸ್ಲಿ ಬುಡಿ" ಎಂದಳು.

ಆಯಮ್ಮನಿಗೆ ಗಂಡ ಇರಲಿಲ್ಲ. ಒಬ್ಬಳೇ ಮಗಳು. ಅವಳಿಗೆ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಿಂದ ಗಂಡು ಬಂದು ನೋಡಿಕೊಂಡು ಹೋಗಿತ್ತು. ಒಪ್ಪಿಗೆಯ ಮಾತಿಗಾಗಿ ತಾಯಿ ಮಗಳು ಕಾಯುತ್ತಿದ್ದರು.

ಗೊಂಬೆ ಕೂರಿಸಿ, ಮಂಡಕ್ಕಿ ಹಂಚಿ ಆದಮೇಲೆ ಜಪಾನಮ್ಮ ಒಂದು ರಟ್ಟಿನ ಡಬ್ಬ ತೋರಿಸಿದರು. ನಾಳೆಯೇ ಇವನ್ನು ಇದರೊಳಗೆ ಎತ್ತಿಡಬೇಕು. ಇಡದಿದ್ದರೆ? ಅವರು ತಲೆಯ ಮೇಲೆ ಸೆರಗು ಎಳೆದುಕೊಂಡ ಹಾಗೆ ಮಾಡಿ, ನಾಚಿ, ಕೈಗಡಿಯಾರ ನೋಡಿ, ಮತ್ತೆ ನೋಡಿ, ಕೊನೆಗೆ ಬೆನ್ನು ಬಾಗಿಸಿ ಮುದುಕಿಯಾದರು. ಮಕ್ಕಳು ಬಿದ್ದು ಬಿದ್ದು ನಕ್ಕವು. "ಗೊಂಬೆ ತೆಗೆದಿಡದಿದ್ದರೆ ಆ ಮನೆಯ ಹೆಣ್ಣುಮಕ್ಕಳ ಮದುವೆ ತಡವಾಗುತ್ತದಂತೆ" ಎಂದು ನಾನೇ ಬಾಯಿಬಿಟ್ಟು ಕನ್ನಡದಲ್ಲಿ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ನನ್ನೊಳಗೆ ಏನೋ ಹೊಳೆಯಿತು.

ಯಾಕೆಂದರೆ ಅದರ ಹಿಂದಿನ ಭಾನುವಾರವೇ ನಮ್ಮ ಅಪ್ಪ ಒಂದು ಸುದ್ದಿ ತಂದಿದ್ದರು. ನಾಗಮಂಗಲ ತಾಲ್ಲೂಕಿನ ಕಡೆ, ಆದಿಚುಂಚನಗಿರಿಗೆ ಹತ್ತಿರದ ಊರು. ಗದ್ದೆ, ತೆಂಗು, ಹಸು, ಡೇರಿಗೆ ಹಾಲು. ಹುಡುಗ ಒಳ್ಳೆಯವನು. ಎರಡನೇ ಶುಕ್ರವಾರ ನೋಡಲು ಬರುತ್ತಾರೆ. ಎಲ್ಲ ಸರಿ. ಒಂದೇ ಒಂದು ಮಾತು ಮೊದಲೇ ಹೇಳಿ ಕಳಿಸಿದ್ದರು: ಸೊಸೆ ಹೊರಗೆ ಕೆಲಸಕ್ಕೆ ಹೋಗುವಂತಿಲ್ಲ.

"ಕೆಲ್ಸ ಮಾಡ್ಬೇಕು ಅಂತ ಆಸೆ ಇದ್ರೆ ಅಲ್ಲೇ ನಾಕ್ ಅಸ ಅವೆಯಂತೆ ಕಣವ್ವ" ಎಂದು ಅಪ್ಪ ನಕ್ಕರು. ಅದು ಅವರಿಗೆ ತಮಾಷೆ.

ನನಗೆ ಮದುವೆ ಬೇಡವೆಂದಲ್ಲ. ಇನ್ನೆರಡು ವರ್ಷ ಬೇಕಾಗಿತ್ತು, ಅಷ್ಟೇ. ಅಳುತ್ತಾ ಬಂದು ನನ್ನ ಸೆರಗು ಹಿಡಿದ ಮಕ್ಕಳು ಅಕ್ಷರ ಕಲಿತು, ಒಂದನೇ ತರಗತಿಯ ಸಾಲಿನಲ್ಲಿ ನಿಲ್ಲುವುದನ್ನು ನೋಡಬೇಕಾಗಿತ್ತು. ಇದನ್ನು ಅಪ್ಪನಿಗೆ ಹೇಗೆ ಹೇಳುವುದು? ಬೇರೆಯವರ ಮಕ್ಕಳಿಗಾಗಿ ನಿನ್ನ ಮದುವೆ ನಿಲ್ಲಿಸಬೇಕಾ ಎನ್ನುತ್ತಿದ್ದರು. ಬಾಯಿ ಬಿಟ್ಟು ಹೇಳಲಾಗದವಳಿಗೆ ಎಲ್ಲಿಂದಲೋ ಬಂದ ಆ ಶಾಸ್ತ್ರ ಕೈಗೆ ಸಿಕ್ಕಿತು. ಮಾರನೇ ದಿನ ನಾನು ಡಬ್ಬವನ್ನು ಬೀರುವಿನ ಹಿಂದಕ್ಕೆ ತಳ್ಳಿ, ಗೊಂಬೆಗಳನ್ನು ಅಲ್ಲೇ ಬಿಟ್ಟೆ. ಮಕ್ಕಳು ಕೇಳಿದರೆ, "ಯುಗಾದಿವರೆಗೂ ಇರಲಿ, ಚೆನ್ನಾಗಿವೆ" ಎಂದೆ. ಓದಿದವಳು, ಪಾಠ ಹೇಳುವವಳು, ಇದನ್ನೆಲ್ಲ ನಂಬುತ್ತಿದ್ದೆಯಾ ಎಂದು ಕೇಳಬೇಡಿ. ಬೇಕಾದಾಗ ನಂಬುತ್ತೇವೆ.

ಎರಡನೇ ಶುಕ್ರವಾರ ಬಂತು. ನಾಗಮಂಗಲದವರು ಬರಲಿಲ್ಲ. ಅವರ ದಾಯಾದಿ ಮನೆಯಲ್ಲಿ ಯಾರೋ ಅಜ್ಜಿ ತೀರಿಕೊಂಡು ಸೂತಕವಂತೆ. ಮುಗಿದ ಮೇಲೆ ನೋಡೋಣ ಎಂದು ಹೇಳಿ ಕಳಿಸಿದರು. ಅವ್ವ ಕರಿದಿಟ್ಟ ಕೋಡುಬಳೆಯನ್ನು ನಾನೇ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಮಕ್ಕಳಿಗೆ ಹಂಚಿದೆ. ಕಾಣದ ಆ ಅಜ್ಜಿಯನ್ನು ನೆನೆದು ಒಂದು ಗಳಿಗೆ ಗೊಂಬೆಗಳ ಕಡೆ ನೋಡಲಾಗಲಿಲ್ಲ. ಆದರೂ ಆ ದಿನ ನಾನು ಹಾಡು ಹೇಳಿಕೊಟ್ಟಷ್ಟು ಜೋರಾಗಿ ಮತ್ತೆಂದೂ ಹೇಳಿಕೊಟ್ಟಿಲ್ಲ.

ಮುಂದಿನ ಸಲ ಜಪಾನಮ್ಮ ಬಂದಾಗ ಗೊಂಬೆಗಳು ಇನ್ನೂ ಅಲ್ಲೇ ಕೂತಿದ್ದವು. ಅವರ ಮುಖ ಬಿಳಿಚಿಕೊಂಡಿತು. ನನ್ನ ಕಡೆ ಬೆರಳು ತೋರಿಸಿ, ಗೊಂಬೆ ತೋರಿಸಿ, ಗಡಿಯಾರ ತೋರಿಸಿ ಏನೇನೋ ಹೇಳಿದರು. ನಾನು ಅರ್ಥವಾಗದವಳ ಹಾಗೆ ನಿಂತೆ. ನನ್ನ ಇಂಗ್ಲಿಷು ಕುಂಟಾಗಿದ್ದದ್ದು ಆ ದಿನ ಉಪಯೋಗಕ್ಕೆ ಬಂತು. ಅವರು ಡಬ್ಬ ಹುಡುಕಿದರು, ಸಿಗಲಿಲ್ಲ. ಕೊನೆಗೆ ಗೊಂಬೆಗಳೆರಡನ್ನೂ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟರು. ಹಾಗೆ ತಿರುಗಿಸಿದರೆ ಅವು ಮನೆಗೆ ಹೊರಟವು ಎಂದು ಲೆಕ್ಕವಂತೆ. ಎರಡು ಬೆರಳಿನಲ್ಲಿ ನಡೆದುಹೋಗುವುದನ್ನು ತೋರಿಸಿ, ಇನ್ನು ಭಯವಿಲ್ಲ ಎಂಬಂತೆ ನನ್ನ ಕೆನ್ನೆ ತಟ್ಟಿದರು. ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ಕಾದಿದ್ದು ನಾನು ಅವನ್ನು ಮತ್ತೆ ಈ ಕಡೆಗೆ ತಿರುಗಿಸಿದೆ.

ಆಯಮ್ಮ ಪಾತ್ರೆ ತೊಳೆಯುತ್ತಾ ಅದನ್ನು ನೋಡುತ್ತಿದ್ದಳು.

ಯುಗಾದಿಗೆ ಇನ್ನೂ ಎಂಟು ಹತ್ತು ದಿನವಿತ್ತು. ಮಧ್ಯಾಹ್ನ ಮಕ್ಕಳು ಮಲಗಿದ್ದವು. ಆಯಮ್ಮ ನನ್ನ ಹತ್ತಿರ ಬಂದು ನೆಲದ ಮೇಲೆ ಕೂತಳು. ಸೆರಗಿನ ತುದಿಯನ್ನು ಗಂಟು ಹಾಕುವುದು, ಬಿಚ್ಚುವುದು ಮಾಡುತ್ತಿದ್ದಳು.

"ಟೀಚರಮ್ಮ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಆ ಗೊಂಬೆ ಯಾಕೆ ಇನ್ನೂ ಅಲ್ಲೇ ಅವೆ?"

"ಮಕ್ಕಳಿಗೆ ಇಷ್ಟ ಅಂತ ಬಿಟ್ಟಿದೀನಿ ಆಯಮ್ಮ."

"ಮಕ್ಕಳು ಮನೇಲೆಲ್ಲ ಏಳವೆ. ತೆಗೀದಿದ್ರೆ ಎಣ್ಮಕ್ಕಳ ಮದ್ವೆ ಮುಂದುಕ್ ಓಯ್ತದಂತೆ. ಸಿಂಧಘಟ್ಟದೋರು ನೋಡ್ಕಂಡ್ ಓಗಿ ತಿಂಗಳಾಗ್ತಾ ಬಂತು. ಇವತ್ ಏಳ್ತೀವಿ, ನಾಳೆ ಏಳ್ತೀವಿ ಅಂತಾವ್ರೆ. ಒಂದ್ ಮಾತೂ ಬರ್ನಿಲ್ಲ."

ಅವಳು ಗೊಂಬೆಗಳ ಕಡೆ ನೋಡಿದಳು.

"ನಿಮ್ಗೆ ಮದ್ವೆ ಬ್ಯಾಡ್ದಿದ್ರೆ ಬ್ಯಾಡ ಕಣ್ರವ್ವ, ಅದು ನಿಮ್ಮಿಷ್ಟ. ನೀವು ತಿರುಗ್ಸಿ ಮಡಗ್ದಾಗ್ಲೇ ನಂಗ್ ಗೊತ್ತಾಯ್ತು. ಆದ್ರೆ ಅವು ಕೂತಿರೋದು ನನ್ ಮಗಳ ಕಣದ ಮ್ಯಾಲೆ. ಅವಳೇನ್ ಮಾಡಿದ್ಲು?"

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಆಗ ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅವಳು ಬೈಯಲಿಲ್ಲ. ಜ್ವರ ಬಂದ ಮಗುವನ್ನು ಡಾಕ್ಟರಿಗೆ ತೋರಿಸುವವರು ಕೇಳುವ ಹಾಗೆ ಕೇಳಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಪ್ಪತ್ತು ದಿನ ಆ ಕೆಂಪು ಬಟ್ಟೆಯ ಮುಂದೆ ಓಡಾಡಿದ್ದೇನೆ. ಅದು ಯಾರದೆಂದು ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ.

ಎದ್ದು ಹೋಗಿ ಬೀರುವಿನ ಹಿಂದಿನಿಂದ ಡಬ್ಬ ತೆಗೆದೆ. ರಾಜನನ್ನು ಮೊದಲು, ರಾಣಿಯನ್ನು ಆಮೇಲೆ ಇಟ್ಟೆ. ರಾಣಿಯ ಹನ್ನೆರಡು ಪದರ ಡಬ್ಬದ ಅಂಚಿಗೆ ಸಿಕ್ಕಿ ಸುಲಭಕ್ಕೆ ಒಳಗೆ ಹೋಗಲಿಲ್ಲ. ಆಯಮ್ಮ ರವಿಕೆ ಕಣವನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಬ್ಬದ ಮುಚ್ಚಳ ಹಾಕುವಾಗ ನಾನು ಅತ್ತೆ. ಅವಳು ನನ್ನ ತಲೆ ಸವರಿದಳು.

"ಅಳ್ಬ್ಯಾಡಿ ಬುಡಿ. ನಿಮ್ದು ಇನ್ನೊಂದ್ ವರ್ಸ ಮುಂದಕ್ಕೋಗ್ಲಿ ಅಂತ ನಮ್ಮೂರಮ್ಮಂಗೆ ನಾನೇ ಕೈ ಮುಗೀತೀನಿ."

ಅವಳು ನಿಜವಾಗಿಯೂ ಕೈ ಮುಗಿದಳೋ ಇಲ್ಲವೋ ಕಾಣೆ. ಮುಗಿದಿರುತ್ತಾಳೆ. ಆದರೆ ಆ ಅಮ್ಮ ಒಂದೇ ಬೇಡಿಕೆಯನ್ನು ಕೇಳಿಸಿಕೊಂಡಿರಬೇಕು. ನಾಲ್ಕನೇ ದಿನ ಸಿಂಧಘಟ್ಟದವರು ಒಪ್ಪಿಗೆ ಹೇಳಿ ಕಳಿಸಿದರು. ಆಯಮ್ಮ ಇಡೀ ಶಿಶುವಿಹಾರಕ್ಕೆ ಸಕ್ಕರೆ ಹಂಚಿದಳು. ನನ್ನ ಅಂಗೈಗೆ ಹಾಕುವಾಗ ಮಾತ್ರ ಅವಳ ಕಣ್ಣು ಬೇರೆ ಕಡೆ ಇತ್ತು. ಯುಗಾದಿ ಕಳೆದ ವಾರವೇ ನಾಗಮಂಗಲದವರೂ ನಮ್ಮ ಮನೆಗೆ ಬಂದರು. ಹುಡುಗನ ಅಪ್ಪ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಆಲು ಕರ್ಯಕ್ ಬತ್ತದಾ ಮಗಾ?" ಎಂದರು. ಬರುತ್ತದೆ ಎಂದೆ. ಸುಳ್ಳು ಹೇಳಲು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ವೈಶಾಖದಲ್ಲಿ ಮದುವೆ ಗೊತ್ತಾಯಿತು.

ಕೆಲಸ ಬಿಡುವ ಮುಂಚಿನ ವಾರಗಳಲ್ಲಿ ನಾವು ಮೀನು ಮಾಡುತ್ತಿದ್ದೆವು. ಮೇ ಐದರಂದು ಜಪಾನಿನಲ್ಲಿ ಮಕ್ಕಳಿರುವ ಮನೆಯವರು ಉದ್ದನೆಯ ಕೋಲಿಗೆ ಬಟ್ಟೆಯ ಮೀನು ಕಟ್ಟಿ ಗಾಳಿಗೆ ಬಿಡುತ್ತಾರಂತೆ. ಹರಿಯುವ ನೀರಿಗೆ ಎದುರಾಗಿ ಈಜುವ ಮೀನಿನ ಹಾಗೆ ಮಕ್ಕಳು ಗಟ್ಟಿಯಾಗಲಿ ಎಂದು. ನಮ್ಮ ಶಿಶುವಿಹಾರಕ್ಕೆ ಬೇಸಿಗೆ ರಜೆ ಇರಲಿಲ್ಲ. ತಾಯಂದಿರಿಗೆ ಹೊಲದ ಕೆಲಸಕ್ಕೆ ರಜೆ ಇರಲಿಲ್ಲವಲ್ಲ. ಹಳೆಯ ಪಂಚೆಯನ್ನು ಚೀಲದ ಹಾಗೆ ಹೊಲಿದು, ಮಕ್ಕಳ ಅಂಗೈಗೆ ನೀಲಿ ಬಣ್ಣ ಹಚ್ಚಿ ಒತ್ತಿಸಿದೆವು. ಒಂದೊಂದು ಅಂಗೈ ಮೀನಿನ ಮೈಯ ಒಂದೊಂದು ಹುರುಪೆ. ಇಪ್ಪತ್ತೈದು ಮಕ್ಕಳದ್ದು ಮುಗಿದ ಮೇಲೂ ಬಾಲದ ಹತ್ತಿರ ಜಾಗ ಉಳಿಯಿತು. ಮಕ್ಕಳು ಹಟ ಹಿಡಿದು ನನ್ನ ಕೈಯನ್ನೂ ಒತ್ತಿಸಿದವು.

ಜಪಾನಮ್ಮನಿಗೆ ಮದುವೆಯ ಸುದ್ದಿ ಹೇಳಿದ್ದು ಆ ದಿನ. ಅವರು ಚಪ್ಪಾಳೆ ತಟ್ಟಿದರು, ನನ್ನನ್ನು ತಬ್ಬಿಕೊಂಡರು. ಮತ್ತೆ ಮಕ್ಕಳ ಕಡೆ ಕೈ ತೋರಿಸಿ, ಇವರು, ಶಾಲೆ, ಆಮೇಲೂ ಬರುತ್ತೀಯಲ್ಲ ಎಂಬಂತೆ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರ ಕೈ ಹಾಗೇ ನಿಂತಿತು. ಬೀರುವಿನ ಮೇಲಿದ್ದ ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು, ಗೊಂಬೆಗಳು ಯಾಕೆ ಅಷ್ಟು ದಿನ ಹೊರಗಿದ್ದವು ಎಂಬುದು ಅವರಿಗೆ ಅರ್ಥವಾಗುತ್ತಾ ಹೋದದ್ದು ನನಗೆ ಕಾಣಿಸಿತು. ಎರಡು ಕೈಗಳಿಂದ ಏನನ್ನೋ ಗೋಡೆಯ ಕಡೆಗೆ ತಿರುಗಿಸಿಡುವ ಹಾಗೆ ಮಾಡಿ, ತಮ್ಮ ಎದೆಯನ್ನೇ ತೋರಿಸಿಕೊಂಡು, ಸೊಂಟದವರೆಗೂ ಬಾಗಿ, "ಸಾರಿ, ಸಾರಿ" ಎಂದರು. ತಾವು ತಿರುಗಿಸಿದ್ದರಿಂದಲೇ ನನ್ನ ಮದುವೆ ಗೊತ್ತಾಯಿತು ಎಂದುಕೊಂಡಿದ್ದರು. ಅವರು ಹೋದ ಮೇಲೆ ನಾನು ಅವನ್ನು ಮತ್ತೆ ತಿರುಗಿಸಿದ್ದು, ಕೊನೆಗೆ ನನ್ನ ಕೈಯಾರೆ ಡಬ್ಬದಲ್ಲಿಟ್ಟದ್ದು, ಕೆಂಪು ಕಣ, ಆಯಮ್ಮನ ಮಗಳು, ಇಷ್ಟನ್ನೆಲ್ಲ ಯಾವ ಕೈಸನ್ನೆಯಲ್ಲಿ ಹೇಳಲಿ? ನನಗೆ ಬರಲಿಲ್ಲ. ಅವರು ಆ ತಪ್ಪನ್ನು ತಮ್ಮದೆಂದೇ ಎತ್ತಿಕೊಂಡು ಹೋದರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಮದುವೆಯ ಉಡುಗೊರೆ ಎಂದು ಗೊಂಬೆಗಳ ಡಬ್ಬವನ್ನು ನನ್ನ ಕೈಗೇ ಕೊಟ್ಟರು.

ಮೀನು ಹಾರುವುದನ್ನು ನಾನು ನೋಡಲಿಲ್ಲ. ಆ ದಿನ ನಾನು ಮೈಗೆಲ್ಲ ಅರಿಶಿನ ಹಚ್ಚಿಸಿಕೊಂಡು ಬೆಳಗೊಳದ ಮನೆಯ ಚಪ್ಪರದ ಕೆಳಗೆ ಕೂತಿದ್ದೆ. ಗಾಳಿ ಬೀಸಿ ಚಪ್ಪರದ ಗರಿ ಸದ್ದು ಮಾಡಿದಾಗಲೆಲ್ಲ ಅಲ್ಲಿಯೂ ಹೀಗೇ ಬೀಸುತ್ತಿರಬಹುದಾ ಎಂದುಕೊಳ್ಳುತ್ತಿದ್ದೆ. ಕಳಶ ಹಿಡಿದ ಹೆಂಗಸರು ನಾನು ತವರು ಬಿಡುವ ದುಃಖಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಸಮಾಧಾನ ಮಾಡಿದರು. ಸಮಾಧಾನ ಮಾಡಿಸಿಕೊಂಡೆ.

ಗಂಡನ ಮನೆಯವರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹಸುಗಳು ನಾಲ್ಕು ಹೋಗಿ ಏಳಾದವು. ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಲು ಸಾಲು ನಿಂತಾಗ ಪಕ್ಕದ ಅಂಗನವಾಡಿಯಿಂದ ಮಕ್ಕಳು ಒಂದೇ ರಾಗದಲ್ಲಿ ಒಂದು, ಎರಡು ಎನ್ನುವುದು ಕೇಳುತ್ತಿತ್ತು. ಆ ಟೀಚರು ಏಳನ್ನು ಬಿಟ್ಟು ಎಂಟಕ್ಕೆ ಹಾರಿದರೆ ನಾನು ಇಲ್ಲಿಂದಲೇ ಬಾಯಲ್ಲಿ ಏಳು ಅಂದುಕೊಳ್ಳುತ್ತಿದ್ದೆ. ಖಾಲಿ ಕ್ಯಾನು ಹಿಡಿದು ಅಲ್ಲೇ ನಿಂತುಬಿಡುತ್ತಿದ್ದೆ. ಹಿಂದಿನವರು, "ಮುಂದಕ್ ಓಗಕ್ಕ" ಎಂದಾಗ ಎಚ್ಚರ.

ನಾಲ್ಕು ವರ್ಷದ ಮೇಲೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಆಯಮ್ಮ ಸಿಕ್ಕಳು. ಸಿಂಧಘಟ್ಟಕ್ಕೆ ಮಗಳ ಮನೆಗೆ ಹೊರಟಿದ್ದಳು. ನಾನು ನೆಂಟರ ಮನೆಯಿಂದ ವಾಪಸಾಗುತ್ತಿದ್ದೆ, ಮೂರು ವರ್ಷದ ಮಗಳು ಜೊತೆಗಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆವು. ಜಪಾನಮ್ಮ ಮರುವರ್ಷವೇ ಗಂಡನ ಜೊತೆ ತಮ್ಮ ದೇಶಕ್ಕೆ ಹೋದರಂತೆ. ಶಿಶುವಿಹಾರದ ನನ್ನ ಮಕ್ಕಳೆಲ್ಲ ಆಗ ದೊಡ್ಡ ಶಾಲೆಯಲ್ಲಿ ಇದ್ದವಂತೆ.

"ಮೀನು ಆರ್ತಾ ಆಯಮ್ಮ?" ಎಂದೆ. ಅವಳ ಜೊತೆ ಮಾತಾಡುವಾಗ ನನ್ನ ಬಾಯಿಗೂ ಅದೇ ಮಾತು ಬರುತ್ತಿತ್ತು.

"ಅಯ್ಯೋ, ಆರ್ತು ಕಣ್ರವ್ವ! ಜಪಾನಮ್ಮನೇ ಗಳ ನೆಟ್ಟು ಕಟ್ಟುದ್ರು. ಬುಸ್ಸಂತ ಗಾಳಿ ತುಂಬ್ಕತ್ತು. ಮಕ್ಕಳು ಅದರಲ್ಲಿ ಅವರವರ ಕೈ ಉಡುಕ್ತಿದ್ವು. ಬಾಲದ ತಾವು ದೊಡ್ಡ ಕೈ ಇತ್ತಲ್ಲ, ಅದನ್ ತೋರ್ಸಿ, ಟೀಚರ್ ಆರ್ತಾವ್ರೆ, ಟೀಚರ್ ಆರ್ತಾವ್ರೆ ಅಂತ ಕುಣುದ್ವು."

ನಾನು ಮಗಳ ಜಡೆ ಸರಿಮಾಡುವ ನೆಪದಲ್ಲಿ ತಲೆ ಬಗ್ಗಿಸಿದೆ. ಆಯಮ್ಮ ಚೀಲವನ್ನು ಕಾಲಬಳಿಗೆ ಎಳೆದುಕೊಂಡಳು.

"ಆ ಗೊಂಬೆ ಏನ್ ಮಾಡಿದ್ರಿ?"

"ಪೆಟ್ಟಿಗೇಲಿ ಇವೆ. ಒಂದಿನಾನೂ ತೆಗೆದಿಲ್ಲ."

ಅವಳು ನನ್ನ ಮಗಳ ಗಲ್ಲ ಹಿಡಿದು ಮುಖ ನೋಡಿದಳು. ಸಿಂಧಘಟ್ಟದ ಬಸ್ಸು ಬಂದು ನಿಂತಿತ್ತು. ಚೀಲ ಎತ್ತಿಕೊಳ್ಳುತ್ತಾ, "ತೆಗುದು ಕೂರ್ಸಿ. ಇವಳು ಓದ್ಲಿ, ಬರೀಲಿ, ಏನ್ ಬೇಕೋ ಮಾಡ್ಲಿ. ಇವಳಾಗೇ ಸಾಕು ಅನ್ನೋಗಂಟ ಎತ್ತಿಡಬ್ಯಾಡಿ" ಎಂದಳು. ಬಸ್ಸು ಹತ್ತಿ ಕಿಟಕಿಯಲ್ಲಿ ತಲೆ ಹಾಕಿ, "ನಿಮ್ಮದೇ ಬಟ್ಟೆ ಆಸಿ, ಆಯ್ತಾ?" ಎಂದು ನಕ್ಕಳು.

ಮುಂದಿನ ಮಾರ್ಚ್ ಮೂರಕ್ಕೆ ನಾನು ಪೆಟ್ಟಿಗೆ ತೆಗೆದೆ. ನನ್ನ ಧಾರೆ ಸೀರೆಯ ಸೆರಗಿನಿಂದ ಒಂದು ತುಂಡು ಕತ್ತರಿಸಿ ಹಾಸಿ, ನಡುಮನೆಯ ಗೋಡೆಗೂಡಿನಲ್ಲಿ ರಾಜ ರಾಣಿಯನ್ನು ಕೂರಿಸಿದೆ. ನಮ್ಮ ಅತ್ತೆ ಎರಡು ದಿನ ನೋಡಿ, "ಧೂಳ್ ಕೂರ್ತದೆ, ಎತ್ತಿಡು ಮಗಾ" ಎಂದರು. ಇರಲಿ ಅತ್ತೆ ಎಂದೆ. ಮಾರನೇ ವರ್ಷವೂ ಇರಲಿ ಎಂದೆ. ಆಮೇಲೆ ಅವರು ಹೇಳುವುದನ್ನು ಬಿಟ್ಟರು. ಲಗ್ನಪತ್ರಿಕೆಗಳ ಬಣ್ಣವೆಲ್ಲ ಹೋಗಿ ರಾಣಿ ಈಗ ಬೂದಿ ಬಣ್ಣಕ್ಕೆ ತಿರುಗಿದ್ದಾಳೆ. ರೇಷ್ಮೆಗೂಡಿನ ಮುಖ ಮಾತ್ರ ಇನ್ನೂ ಬೆಳ್ಳಗಿದೆ.

ಮಗಳು ಈಗ ನಾಗಮಂಗಲದಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತಾಳೆ. ನೋಡಲು ಬರುತ್ತೇವೆ ಎಂದು ಮೊನ್ನೆಯೂ ಯಾರೋ ಫೋನು ಮಾಡಿದ್ದರು. ಯಾಕೋ ಅವಳಿಗೆ ಯಾವುದೂ ಕೂಡಿಬರುತ್ತಿಲ್ಲ ಎಂದು ಯಜಮಾನರು ನಿಟ್ಟುಸಿರು ಬಿಡುತ್ತಾರೆ. ಸಂಜೆ ಬಸ್ಸಿಳಿದು ಬಂದು ಅವಳು ಚಪ್ಪಲಿಯನ್ನು ತುದಿ ಹೊರಗೆ ಮಾಡಿ ಜೋಡಿಸಿಟ್ಟು, ಸೀಮೆಸುಣ್ಣದ ಕೈಯಲ್ಲೇ ಕಾಫಿ ಕೇಳುತ್ತಾಳೆ. ನಾನು ಲೋಟ ಕೊಟ್ಟು, ಇವತ್ತು ಯಾರು ಅತ್ತರು, ಯಾರು ಬರೆದರು, ಒಂದನ್ನೂ ಬಿಡದೆ ಹೇಳು ಎನ್ನುತ್ತೇನೆ.